ಎಡಗಡೆ ಏನಿದೆ

ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನೊಳಗೆ ಅವಳ ಬಾಯಲ್ಲಿ 'ಡಾಕ್ಟ್ರು' ಎಂಬ ಮಾತು ಹನ್ನೊಂದು ಸಲ ಬಂದಿತ್ತು. ಅವನು ಎಣಿಸಿದ್ದ. ಎಣಿಸಲೆಂದೇ ಕೂತು ಎಣಿಸಿದ್ದಲ್ಲ. ಹೊಟ್ಟೆ ಉರಿಯತೊಡಗಿದವನಿಗೆ ಈ ಲೆಕ್ಕವೆಲ್ಲ ತಾನಾಗಿಯೇ ಬರುತ್ತದೆ.

"ಡಾಕ್ಟ್ರು ಹೇಳಿದ್ರು, ದಿಂಬು ಅಷ್ಟು ಎತ್ತರ ಇರಬಾರದಂತೆ."

"ಡಾಕ್ಟ್ರು ಹೇಳಿದ್ರು, ಫೋನನ್ನ ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸ್ಕೊಂಡು ಮಾತಾಡಬಾರದಂತೆ."

"ಡಾಕ್ಟ್ರು ಎಷ್ಟು ನಗಿಸ್ತಾರೆ ಗೊತ್ತಾ. ಹೋಗುವಾಗ ಕುತ್ತಿಗೆ ನೋವಿರುತ್ತೆ, ಬರುವಾಗ ನೋವಿತ್ತು ಅನ್ನೋದೇ ಮರೆತುಹೋಗಿರುತ್ತೆ."

ಇದು ಒಂಬತ್ತನೆಯದು. ಇಷ್ಟು ಕೇಳುವ ಹೊತ್ತಿಗೆ ಅವನ ಕೈಯಲ್ಲಿದ್ದ ಮೇಣದ ಚಾಕು ಜಾರಿತು. ಯಾರೋ ಅಜ್ಜನ ಹೊಸ ಹಲ್ಲಿನ ಸೆಟ್ಟಿನಲ್ಲಿ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತು. ಅವನು ಅದನ್ನು ಕಿತ್ತು ಮತ್ತೆ ಕೂರಿಸಿದ.

ಅದು ಹಲ್ಲು ಕಟ್ಟುವ ಲ್ಯಾಬು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇಲ್ಲಿ ಮೂರು ಜನ ಸೇರಿ ಅದಕ್ಕೆ ಸರಿಹೊಂದುವ ಹಲ್ಲು ಮಾಡಿ ವಾಪಸ್ ಕಳಿಸುತ್ತಾರೆ. ಅಚ್ಚಿಗೆ ಪ್ಲಾಸ್ಟರ್ ಸುರಿಯುವವರು ಲ್ಯಾಬಿನ ಯಜಮಾನರೇ. ಅವರನ್ನು ಎಲ್ಲರೂ 'ಮಾವ' ಎನ್ನುತ್ತಾರೆ, ಯಾರಿಗೆ ಮಾವ ಎಂಬುದು ಯಾರಿಗೂ ಗೊತ್ತಿಲ್ಲ. ಮೇಣದಲ್ಲಿ ಹಲ್ಲು ಜೋಡಿಸಿ ಸಾಲು ಕೂರಿಸುವುದು ಅವನ ಕೆಲಸ. ಪಿಂಗಾಣಿ ಹಲ್ಲಿಗೆ ಬಣ್ಣ ಕೂಡಿಸುವುದು ಅವಳದು. ಸೇರಿದ ಹೊಸದರಲ್ಲಿ ಕೆಲಸ ತೋರಿಸಿಕೊಟ್ಟವನು ಅವನಾದ್ದರಿಂದ ಅವಳು ಅವನನ್ನು 'ಮೇಷ್ಟ್ರೇ' ಎಂದು ಕರೆಯುತ್ತಾಳೆ. ಅವನು ಅವಳನ್ನು 'ಬಣ್ಣದ ಮೇಡಂ' ಎನ್ನುತ್ತಾನೆ. ಮನಸ್ಸಿನೊಳಗೆ ಏನೆನ್ನುತ್ತಾನೆ ಎಂಬುದು ಮೂರು ವರ್ಷದಿಂದ ಮನಸ್ಸಿನೊಳಗೇ ಇದೆ.

ಆ ಕೆಲಸದಲ್ಲಿ ಮೊದಲ ದಿನವೇ ಕಲಿಯಬೇಕಾದ ಒಂದು ಪಾಠವುಂಟು. ಎಡ ಬಲ ಅಂದರೆ ನಮ್ಮದಲ್ಲ, ಬಾಯಿಯ ಒಡೆಯನದು. ಅಚ್ಚು ನಮ್ಮ ಎದುರಿಗಿರುತ್ತದೆ, ಆದರೆ ಎಡ ಅಂದರೆ ಆ ಮನುಷ್ಯನ ಎಡ. ಇದು ತಪ್ಪಿದರೆ ಒಬ್ಬರ ಎಡ ಕೋರೆಹಲ್ಲು ಬಲಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ಲ್ಯಾಬಿನವರು ಯಾರ ವಿಷಯ ಎತ್ತಿದರೂ ಮನಸ್ಸಿನಲ್ಲೇ ಮೊದಲು ಅವರ ಕುರ್ಚಿಗೆ ಹೋಗಿ ಕೂತುಬಿಡುತ್ತಾರೆ. ಈ ಅಭ್ಯಾಸ ಅವನಿಗೆ ಹನ್ನೆರಡು ವರ್ಷದ್ದು.

ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ ಕುಂಚದಿಂದ ಹಚ್ಚುವಾಗ ಅವಳು ತಲೆ ಎತ್ತುವಂತಿಲ್ಲ. ಎತ್ತಿದರೆ ಅಷ್ಟರಲ್ಲಿ ಒಣಗಿ ಬಿರುಕು ಬಿಡುತ್ತದೆ. ಆ ನಾಲ್ಕೈದು ನಿಮಿಷ ಅವನದು. ಕಿವಿಯ ಹಿಂದೆ ಸಿಕ್ಕಿಸಿದ ಇನ್ನೊಂದು ಕುಂಚ, ಆಚೆಯ ಕಿಟಕಿಯ ಬೆಳಕು ಅಂಚು ಕಟ್ಟಿದ ಕೆನ್ನೆ, ತೀರಾ ಸಣ್ಣ ಗೆರೆ ಎಳೆಯುವಾಗ ಅವಳಿಗೇ ಗೊತ್ತಿಲ್ಲದಂತೆ ಒಂಚೂರು ಮುಂದೆ ಬರುವ ಕೆಳತುಟಿ, ಎಲ್ಲವನ್ನೂ ಅವನು ಕದ್ದು ನೋಡುತ್ತಾನೆ. ಅವಳು ಕುಂಚ ಕೆಳಗಿಟ್ಟಳೋ, ಇವನು ತಟ್ಟನೆ ಬರ್ನರ್ ಹೊತ್ತಿಸಿ ಮೇಣಕ್ಕೆ ಬಗ್ಗುತ್ತಾನೆ. ಉರಿಯ ಮುಂದೆ ಕೂತ ಮೇಲೆ ಅವನೂ ತಲೆ ಎತ್ತುವಂತಿಲ್ಲ.

ಮೂರು ವರ್ಷದಲ್ಲಿ ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ. ಈ ಜಾಣತನದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಹತ್ತನೆಯ 'ಡಾಕ್ಟ್ರು' ಮಾವನಿಂದಾಗಿ ಬಂತು.

"ಯಾವ ಡಾಕ್ಟರಮ್ಮ ಅದು, ಇಷ್ಟು ಹೊಗಳ್ತಾ ಇದೀಯ? ಮುದುಕನಾ?"

"ಇಲ್ಲ ಮಾವ. ಡಾಕ್ಟ್ರಿಗೆ ನಮ್ಮ ಮೇಷ್ಟ್ರ ವಯಸ್ಸಿರಬಹುದು. ಮದುವೆ ಆಗಿಲ್ಲ."

ಮದುವೆಯ ಸಂಗತಿ ಯಾರೂ ಕೇಳಿರಲಿಲ್ಲ. ಕೇಳದೇ ಬಂದ ಉತ್ತರ ಕೇಳಿದವನಿಗಿಂತ ಕೇಳದವನಿಗೆ ಹೆಚ್ಚು ನಾಟಿತು.

ಹನ್ನೊಂದನೆಯದು ಊಟದ ಡಬ್ಬಿ ತೆರೆಯುತ್ತಾ ಬಂದದ್ದು. ಡಾಕ್ಟ್ರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರಲು ಒಬ್ಬರು ಬೇಕಂತೆ. ಬಗ್ಗಿ ಮಾಡುವ ಕೆಲಸವಲ್ಲ, ನೆಟ್ಟಗೆ ಕೂತು ಮಾಡುವುದು. ಮೂರು ತಿಂಗಳಿಂದ ಈ ಕತ್ತು ಬಿಡುತ್ತಿಲ್ಲ, ವ್ಯಾಯಾಮ ಮಾಡಿದರೂ ಎರಡು ದಿನಕ್ಕೆ ಮತ್ತೆ ಅದೇ ಕತೆ. ಶನಿವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

"ನೀವೇನಂತೀರಾ ಮೇಷ್ಟ್ರೇ?"

ಅವಳು ಅವನ ಕಡೆ ತಿರುಗಲು ಹೋಗಿ, ಅರ್ಧಕ್ಕೇ ನಿಂತು, ಎಡಗೈಯಿಂದ ಕತ್ತಿನ ಎಡಭಾಗ ಹಿಡಿದುಕೊಂಡಳು. ಆ ಮುಖದ ಮೇಲೆ ಹಾದುಹೋದ ನೋವನ್ನು ಅವನು ನೋಡಿದ.

"ಆರೋಗ್ಯ ಮುಖ್ಯ ಅಲ್ವಾ?" ಎಂದ. ಅದಕ್ಕಿಂತ ಪೆದ್ದು ಮಾತು ಆ ವರ್ಷದಲ್ಲಿ ಅವನು ಇನ್ನೊಂದಾಡಿರಲಿಲ್ಲ.

ಅವಳು "ಹೌದು" ಎಂದು ಡಬ್ಬಿಯ ಕಡೆ ತಿರುಗಿಕೊಂಡಳು.

*

ಮನೆಯಲ್ಲಿ ಅಕ್ಕ ಒಂದೇ ನೋಟಕ್ಕೆ ಹಿಡಿದುಬಿಟ್ಟಳು. ತಮ್ಮನನ್ನು ಎತ್ತಿ ಆಡಿಸಿದ ಕೈ ಅವಳದು. ಅವನ ಮುಖ ಓದಲು ಅವಳಿಗೆ ಕನ್ನಡಕವೂ ಬೇಡ.

"ಯಾಕೋ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ಏನಿಲ್ಲ."

"ಬಣ್ಣದವಳು ಏನಾದ್ರೂ ಅಂದ್ಲಾ?"

"ಕೆಲಸ ಬಿಡ್ತಾಳಂತೆ."

ಅಕ್ಕ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಹೇಳಿಬಿಡೋ ಇನ್ನಾದ್ರೂ."

"ಏನು ಹೇಳ್ಲಿ?"

"ನನ್ನ ತಲೆ. ಮೂರು ವರ್ಷದಿಂದ ಅವಳು ಏನು ತಿಂದ್ಲು, ಯಾವ ಬಣ್ಣ ಹಾಕ್ಕೊಂಡಿದ್ಲು ಅಂತ ನನ್ನ ಕಿವಿ ತೂತು ಮಾಡ್ತೀಯ. ಅವಳ ಕಿವಿ ಏನು ಬಾಡಿಗೆಗೆ ಹೋಗಿದ್ಯಾ?"

ಅವನ ಬಲಗಡೆ ನೀರಿನ ಲೋಟವಿತ್ತು. ಅದನ್ನು ತೆಗೆದುಕೊಳ್ಳಲು ಇಡೀ ಮೈಯನ್ನೇ ತಿರುಗಿಸಿದ.

"ಕತ್ತಿಗೇನಾಗಿದೆ ನಿಂಗೆ? ಗೊಂಬೆ ಥರ ತಿರುಗ್ತೀಯಲ್ಲ."

"ಕೆಲಸ ಅಕ್ಕ. ಬಗ್ಗಿ ಬಗ್ಗಿ ಎಲ್ಲರಿಗೂ ಹೀಗೇ ಆಗುತ್ತೆ."

ಹಾಗೆಂದವನಿಗೆ ಅಲ್ಲೇ ಒಂದು ಹುಳ ತಲೆ ಹೊಕ್ಕಿತು. ಆ ಡಾಕ್ಟರನ್ನು ಒಮ್ಮೆ ಕಣ್ಣಾರೆ ನೋಡಬೇಕು. ನೋಡಲು ಕುತ್ತಿಗೆ ನೋವು ಬೇಕು. ಕುತ್ತಿಗೆ ನೋವಿನ ವಿವರಗಳೆಲ್ಲ ಅವನಿಗೆ ಕಂಠಪಾಠವಾಗಿದ್ದವು, ಮೂರು ತಿಂಗಳಿಂದ ಅವಳು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಕೇಳಿದ್ದನಲ್ಲ. ಅವಳ ನೋವನ್ನೇ ಎರವಲು ತಂದರಾಯಿತು. ತನ್ನ ಕತ್ತಿನಲ್ಲಿದ್ದ ನೋವಿನ ನೆನಪು ಮಾತ್ರ ಆ ಮಹಾಶಯನಿಗೆ ಬರಲೇ ಇಲ್ಲ.

ಗುರುವಾರ ಮಧ್ಯಾಹ್ನ ಮಾವನ ಹತ್ತಿರ ಎರಡು ಗಂಟೆ ರಜೆ ಕೇಳಿಕೊಂಡು ಹೊರಟ.

*

ಕ್ಲಿನಿಕ್ಕಿನ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಖಾಲಿ ಕುರ್ಚಿ, ಅದರ ಹಿಂದೆ ಒಂದು ಕ್ಯಾಲೆಂಡರು, ಮುಂದೆ ಒಂದು ಗಂಟೆ. ಆ ಕುರ್ಚಿಯಲ್ಲಿ ಅವಳು ಕೂತಂತೆಯೂ, ಒಳಬಾಗಿಲು ತೆರೆದಾಗಲೆಲ್ಲ ಡಾಕ್ಟರು ಏನೋ ಹೇಳಿ ನಗಿಸಿದಂತೆಯೂ ಊಹಿಸಿಕೊಂಡು, ಅವನು ಹತ್ತು ನಿಮಿಷ ತನ್ನ ಹೊಟ್ಟೆಗೆ ತಾನೇ ಸೌದೆ ಹಾಕಿದ.

ಒಳಗೆ ಹೋಗಿ ನೋಡಿದ. ಡಾಕ್ಟರು ನಿಜಕ್ಕೂ ಚೆನ್ನಾಗಿದ್ದರು. ಎತ್ತರ, ನೆಟ್ಟಗಿನ ಬೆನ್ನು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು. ಅವನು ಕಸುಬಿನವನ ಕಣ್ಣಿನಿಂದ ಅವರ ಹಲ್ಲು ನೋಡಿದ. ಒಂದಾದರೂ ಸೊಟ್ಟಗಿರಬಹುದೆಂಬ ಆಸೆಯಿತ್ತು. ಇರಲಿಲ್ಲ. ಬಣ್ಣವೂ ಅವಳು ಎಲ್ಲಕ್ಕಿಂತ ಚೆಂದವೆನ್ನುವ ಬಣ್ಣವೇ.

"ಕೂತ್ಕೊಳ್ಳಿ. ಏನು ತೊಂದರೆ?"

"ಕುತ್ತಿಗೆ ನೋವು. ಎಡಗಡೆ. ಮೂರು ತಿಂಗಳಿಂದ."

"ಬಿದ್ದಿದ್ರಾ? ಗಾಡಿ ಗೀಡಿ ಗುದ್ದಿತ್ತಾ?"

"ಇಲ್ಲ."

"ನೋವು ತೋಳಿಗೆ ಇಳಿಯುತ್ತಾ? ಬೆರಳು ಜೋಮು ಹಿಡಿಯೋದು, ಕೈಯಿಂದ ಸಾಮಾನು ಜಾರೋದು?"

ಮೇಣದ ಚಾಕು ಜಾರಿದ್ದು ನೆನಪಾಯಿತು. ಅದರ ಕಾರಣ ಬೇರೆ. "ಇಲ್ಲ."

"ನಡೆಯುವಾಗ ತಡವರಿಸೋದು? ಜ್ವರ? ಸುಮ್ಮನೆ ಮೈ ತೂಕ ಇಳಿಯೋದು? ಮೂತ್ರಕ್ಕೆ ತೊಂದರೆ? ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವು?"

ಎಲ್ಲಕ್ಕೂ ಇಲ್ಲವೆಂದ. ನಿದ್ದೆ ಕೆಡುತ್ತಿದ್ದದ್ದು ನಿಜ, ಆದರೆ ಅದಕ್ಕೆ ಕಾರಣವಾದವರು ಎದುರಿಗೇ ಕೂತು ಬರೆದುಕೊಳ್ಳುತ್ತಿದ್ದರು.

"ಇದನ್ನೆಲ್ಲ ಯಾಕೆ ಕೇಳ್ತೀರಾ?"

"ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರದು ಸ್ನಾಯುವಿನ ನೋವು. ಕೂರೋ ಭಂಗಿ, ದಿಂಬು, ಫೋನು, ಚಿಂತೆ. ಕೆಲವರಿಗೆ ವಯಸ್ಸಾದ ಹಾಗೆ ಮೂಳೆ ಮಧ್ಯದ ಮೆತ್ತೆ ಸವೆದು ನರ ಒತ್ತುತ್ತೆ. ಅಪರೂಪಕ್ಕೆ ಒಬ್ಬರಿಗೆ ಬೇರೆ ದೊಡ್ಡ ಕಾಯಿಲೆ ಇರುತ್ತೆ. ಆ ಒಬ್ಬರು ನೀವಲ್ಲ ಅಂತ ಮೊದಲು ಖಾತ್ರಿ ಮಾಡ್ಕೋಬೇಕು. ಎಲ್ಲಿ, ಗಲ್ಲ ಎದೆಗೆ ತಾಗಿಸಿ."

ತಾಗಿಸಿದ. ಮೇಲೆ ನೋಡಿದ. ಕಿವಿಯನ್ನು ಭುಜದ ಕಡೆ ಬಾಗಿಸಿದ. ಡಾಕ್ಟರು ಅವನ ನೆತ್ತಿಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿ, ನೋವು ತೋಳಿಗೆ ಹರಿಯುತ್ತದೆಯೇ ಎಂದು ನೋಡಿದರು. ಸಣ್ಣ ಸುತ್ತಿಗೆಯಿಂದ ಮೊಣಕೈಯ ಮಡಿಕೆ ತಟ್ಟಿದರು. ಹತ್ತಿಯಿಂದ ಬೆರಳು ಸವರಿದರು. ಆಮೇಲೆ ತಮ್ಮ ಎರಡು ಬೆರಳು ಮುಂದೆ ಚಾಚಿ, "ಗಟ್ಟಿಯಾಗಿ ಹಿಡೀರಿ" ಎಂದರು.

ಮೂರು ತಿಂಗಳ ಸಿಟ್ಟನ್ನೆಲ್ಲ ಒಟ್ಟುಮಾಡಿ ಅವನು ಹಿಡಿದ.

"ಸಾಕು ಸಾಕು. ಶಕ್ತಿಗೇನೂ ಕೊರತೆ ಇಲ್ಲ." ಡಾಕ್ಟರು ಬೆರಳು ಕೊಡವಿಕೊಂಡರು. "ಈಗ ಎಡಕ್ಕೆ ತಿರುಗಿ."

ತಿರುಗಿ, ಅವಳು ಮುಖ ಕಿವುಚುವಂತೆಯೇ ಕಿವುಚಿ, "ಆಯ್" ಎಂದ. ಚೆನ್ನಾಗಿಯೇ ಬಂತು ಅಂದುಕೊಂಡ.

"ಬಲಕ್ಕೆ."

ಬಲಕ್ಕೆ ತಿರುಗಿದವನಿಗೆ ಉಸಿರೇ ಸಿಕ್ಕಿಕೊಂಡಿತು. ಈ ಸಲ ಬಾಯಿಂದ ಯಾವ ಶಬ್ದವೂ ಬರಲಿಲ್ಲ. ಡಾಕ್ಟರ ಬೆರಳು ಕತ್ತಿನ ಬಲಭಾಗದಲ್ಲಿ ಕೆಳಗಿಳಿದು, ಭುಜ ಸೇರುವಲ್ಲಿ ಒಂದು ಗಂಟಿನ ಮೇಲೆ ನಿಂತಿತು. ಅವನ ಕಣ್ಣಲ್ಲಿ ನೀರೇ ಬಂತು.

"ಎಡಕ್ಕೆ ನೋವು ಅಂದ್ರಿ. ಎಡಗಡೆ ಬೆಣ್ಣೆ ಹಾಗಿದೆ. ಬಲಗಡೆ ನೋಡಿದರೆ ಕಲ್ಲಿನ ಹಾಗೆ ಬಿಗಿದಿದೆ. ದವಡೆ ಕೂಡ. ಹಲ್ಲು ಕಡಿಯೋ ಅಭ್ಯಾಸ ಇದೆಯಾ?"

"ನಾನು ಹಲ್ಲು ಮಾಡೋನು."

"ಮಾಡೋದು ಸರಿ. ಕಡೀತೀರಾ?"

ಆಗಲೂ ಕಡಿಯುತ್ತಿದ್ದ. ಬಿಟ್ಟ.

"ಎಕ್ಸ್-ರೇ ಬೇಡವಾ?" ಎಂದು ಕೇಳಿದ, ಮಾತು ಬದಲಿಸಲು.

"ಬೇಡ. ತೆಗೆದರೆ ನೋವಿಲ್ಲದವರಲ್ಲೂ ಒಂಚೂರು ಸವೆತ ಕಾಣುತ್ತೆ, ಅದನ್ನು ನೋಡಿ ನೀವು ಹೆದರ್ತೀರಿ ಅಷ್ಟೆ. ನರ ಒತ್ತಿದ ಗುರುತು ಕಂಡರೆ ಸ್ಕ್ಯಾನಿಂಗ್ ಮಾತು. ನಿಮಗೆ ಇರೋದು ಒಂದೇ ಕಡೆಯ ನೋವು. ಬಗ್ಗಿ ಕೆಲಸ ಮಾಡೋರಿಗೆ ಸಾಮಾನ್ಯವಾಗಿ ಎರಡೂ ಕಡೆ, ಹಿಂಭಾಗದಲ್ಲಿ ಬರುತ್ತೆ. ಒಂದೇ ಕಡೆ ಅಂದರೆ ದಿನವಿಡೀ ಆ ಕಡೆಗೇ ತಿರುಗ್ತಾ ಇದೀರಿ ಅಂತ. ಏನನ್ನೋ ನೋಡೋಕೆ." ಒಂದು ಹಾಳೆ, ಪೆನ್ನು ಮುಂದೆ ಸರಿಸಿದರು. "ನೀವು ಕೂರೋ ಜಾಗ ಬರೆದು ತೋರಿಸಿ. ಕುರ್ಚಿ ಎಲ್ಲಿ, ಬೆಳಕು ಎಲ್ಲಿಂದ, ಎಡಗಡೆ ಏನಿದೆ, ಬಲಗಡೆ ಏನಿದೆ."

ಅವನು ಪೆನ್ನು ತೆಗೆದುಕೊಂಡ. ಅಲ್ಲೇ ಕೈ ತಪ್ಪಿದ್ದು. ತಲೆಯ ತುಂಬ ಅವಳ ನೋವು, ಬಾಯಿ ತುಂಬ ಅವಳ ಮಾತು. ಹನ್ನೆರಡು ವರ್ಷದ ಅಭ್ಯಾಸ ಅವನನ್ನು ಸೀದಾ ನೋವಿನ ಒಡತಿಯ ಕುರ್ಚಿಯಲ್ಲಿ ಕೂರಿಸಿತು. ಮಧ್ಯದಲ್ಲಿ ಮೇಜು ಬರೆದ. ಎದುರಿಗೆ, ಹಳೆಯ ಅಚ್ಚುಗಳ ರಟ್ಟಿನ ಪೆಟ್ಟಿಗೆಗಳು, ಗೋಡೆಯವರೆಗೆ. ಹಿಂದೆ ಪಿಂಗಾಣಿ ಸುಡುವ ಕುಲುಮೆ. ಬಲಗಡೆ ಕಿಟಕಿ, ಬಣ್ಣ ನೋಡಲು ಬೇಕಾದ ಬೆಳಕು ಅಲ್ಲಿಂದಲೇ. ಪುಡಿಯ ಶೀಸೆಗಳ ಕಪಾಟೂ ಬಲಗಡೆ. ನೀರಿನ ಬಟ್ಟಲು ಬಲಗಡೆ.

"ಎಡಗಡೆ?" ಎಂದರು ಡಾಕ್ಟರು.

ಪೆನ್ನು ಹಾಳೆಯ ಎಡಕ್ಕೆ ಹೋಗಿ ನಿಂತಿತು. ಎಡಗಡೆ ಏನಿದೆ? ಕಿಟಕಿಯಿಲ್ಲ, ಕಪಾಟಿಲ್ಲ. ಗಡಿಯಾರವೂ ಬಾಗಿಲೂ ಹಿಂದಿನ ಗೋಡೆಯಲ್ಲಿವೆ. ಎಡಗಡೆ ಇರುವುದು ಇನ್ನೊಂದು ಮೇಜು, ಅದರ ಮೇಲೆ ಒಂದು ಬರ್ನರ್, ಮೇಣದ ಚಾಕುಗಳು, ಪಾರ್ಸಲ್ ಟ್ರೇ. ಬೇರೇನೂ ಇಲ್ಲ. ಅವನು ಆ ಮೇಜನ್ನು ಬರೆದ.

"ಇದು ಯಾರ ಮೇಜು?"

"ನಂದು."

"ಹಾಗಾದರೆ ಮಧ್ಯದಲ್ಲಿರೋದು?"

ಅವನು ನಾಲಿಗೆ ಕಚ್ಚಿಕೊಂಡ. ಆದರೆ ಗುಟ್ಟು ರಟ್ಟಾದ ನಾಚಿಕೆಗಿಂತ ದೊಡ್ಡದೊಂದು ಎದೆಯಲ್ಲಿ ಎದ್ದು ಕೂತಿತ್ತು. ಅವಳು ಮೂರು ತಿಂಗಳಿಂದ ಎಡಕ್ಕೆ ತಿರುಗುತ್ತಿದ್ದಳು. ಎಡಗಡೆ ತಾನಲ್ಲದೆ ಮತ್ತೇನೂ ಇಲ್ಲ. ತಾನು ಉರಿಯ ಮುಂದೆ ಬಗ್ಗಿ ಕೂತ ಹೊತ್ತಿನಲ್ಲೆಲ್ಲ, ತಲೆ ಎತ್ತಲಾಗದ ಆ ಹೊತ್ತಿನಲ್ಲೆಲ್ಲ.

ಡಾಕ್ಟರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಕಿಟಕಿ ಬಲಗಡೆ ಇದೆಯಾ? ಖಂಡಿತಾ?"

"ಖಂಡಿತಾ."

ಡಾಕ್ಟರ ಮುಖದಲ್ಲಿ ಏನೋ ಒಂದು ಬಂದು, ಕೂರಲು ಜಾಗ ಸಿಗದೆ ಹೊರಟುಹೋಯಿತು. ಅವನಿಗೆ ಅದರ ಗುರುತು ಹತ್ತಿತು. ದಿನಾ ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿಯಲ್ಲಿ ನೋಡಿದ್ದೇ ಅದು. ಅಷ್ಟು ದಿನದ ಸಿಟ್ಟು ಆ ಕ್ಷಣ ಅವನಿಂದ ಇಳಿದುಹೋಯಿತು, ಪಾಪ ಅನ್ನಿಸಿತು.

"ಬೇರೆ ರೋಗಿಗಳ ವಿಷಯ ನಾನು ಮಾತಾಡೋ ಹಾಗಿಲ್ಲ," ಎಂದರು ಡಾಕ್ಟರು, ದನಿಯನ್ನು ಸರಿಮಾಡಿಕೊಂಡು. "ನಿಮ್ಮ ಕತ್ತಿನ ವಿಷಯ ಹೇಳ್ತೀನಿ. ನಿಮ್ಮ ಬಲಗಡೆ ಏನಿದೆ ಅಂತ ಈ ಚಿತ್ರ ನೋಡಿದರೆ ನಂಗೆ ಗೊತ್ತಾಗುತ್ತೆ, ನಿಮಗೂ ಗೊತ್ತು. ಔಷಧಿ ಬೇಡ. ಬಿಸಿನೀರಿನ ಶಾಖ ಕೊಡಿ. ಗಲ್ಲ ಹಿಂದಕ್ಕೆ ಎಳೆಯೋ ವ್ಯಾಯಾಮ ಬರೆದುಕೊಡ್ತೀನಿ. ಹಲ್ಲು ಕಡೀಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ನೇರವಾಗಿ ನೋಡಿ."

ಚೀಟಿ ಕೊಡುವಾಗ ಒಂದು ಕ್ಷಣ ತಡೆದರು.

"ಇನ್ನೊಂದು. ಯಾವುದನ್ನು ಪದೇ ಪದೇ ನೋಡಬೇಕೋ ಅದನ್ನ ಪಕ್ಕದಲ್ಲಿ ಇಟ್ಕೋಬೇಡಿ. ಎದುರಿಗೆ ಇಟ್ಕೊಳ್ಳಿ."

*

ಶುಕ್ರವಾರ ಅವನು ಎಂಟಕ್ಕೇ ಲ್ಯಾಬಿಗೆ ಬಂದ. ಮಾವ ಬೀಗ ತೆಗೆಯುತ್ತಿದ್ದರು.

"ಮಾವ, ಈ ಪೆಟ್ಟಿಗೆಗಳನ್ನ ಆ ಮೂಲೆಗೆ ಹಾಕ್ಲಾ?"

"ಹತ್ತು ವರ್ಷದಿಂದ ಅಲ್ಲೇ ಇವೆಯಲ್ಲೋ."

"ಅದೇ. ಅವಕ್ಕೂ ಬೇಜಾರಾಗಿರುತ್ತೆ."

ಮಾವ ಅವನ ಮುಖ ನೋಡಿದರು, ಪೆಟ್ಟಿಗೆ ನೋಡಿದರು, ಅವಳ ಖಾಲಿ ಕುರ್ಚಿ ನೋಡಿದರು. ಏನೂ ಕೇಳದೆ ಒಂದು ಪೆಟ್ಟಿಗೆ ಎತ್ತಿಕೊಂಡರು. ನಲವತ್ತೆರಡು ಪೆಟ್ಟಿಗೆಗಳು, ಒಳಗೆ ಊರಿನ ಅರ್ಧ ಜನರ ಬಾಯಿ. ಅವು ಸರಿದ ಮೇಲೆ ಇಬ್ಬರೂ ಸೇರಿ ಅವನ ಮೇಜನ್ನು ಎತ್ತಿ, ತಿರುಗಿಸಿ, ಅವಳ ಮೇಜಿನ ಎದುರಿಗೆ ತಂದಿಟ್ಟರು. ಬರ್ನರಿನ ಗ್ಯಾಸ್ ಪೈಪು ಎರಡು ಅಡಿ ಸಾಲದೆ ಹೋಯಿತು. ಮಾವನೇ ಒಳಗಿಂದ ಉದ್ದದ ಪೈಪು ಹುಡುಕಿ ತಂದು ಜೋಡಿಸಿ, ಸೋಪಿನ ನೀರು ಹಚ್ಚಿ ಸೋರುತ್ತಿಲ್ಲವೆಂದು ನೋಡಿದರು.

"ಮೂರು ವರ್ಷ ತಗೊಂಡೆಯಲ್ಲೋ," ಎಂದಷ್ಟೇ ಹೇಳಿ ಪ್ಲಾಸ್ಟರ್ ಕೋಣೆಗೆ ಹೋದರು.

ಒಂಬತ್ತೂವರೆಗೆ ಅವಳು ಬಂದಳು. ಬಾಗಿಲಲ್ಲೇ ನಿಂತಳು. ಬ್ಯಾಗು ಭುಜದಿಂದ ಜಾರಿ ಮೊಣಕೈಯಲ್ಲಿ ನೇತುಬಿತ್ತು.

"ಇದೇನಿದು ಮೇಷ್ಟ್ರೇ?"

"ನಿನ್ನೆ ಕುತ್ತಿಗೆ ನೋವಿಗೆ ಡಾಕ್ಟ್ರ ಹತ್ತಿರ ಹೋಗಿದ್ದೆ."

"ಯಾರು ಅವರು?"

"ನಿಮ್ಮ ಡಾಕ್ಟ್ರು."

ಅವಳು ಮೆಲ್ಲಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಮೂರು ವರ್ಷದಲ್ಲಿ ಮೊದಲ ಸಲ ಅವರಿಬ್ಬರ ಮಧ್ಯೆ ಎರಡು ಮೇಜಿನಗಲದಷ್ಟೇ ದೂರವಿತ್ತು. ಅವನಿಗೆ ತನ್ನ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ದಿನ ಅರ್ಧ ಮುಖ ನೋಡಿದವನಿಗೆ ಪೂರ್ತಿ ಮುಖ ತಡೆದುಕೊಳ್ಳುವುದು ಕಷ್ಟವಾಯಿತು.

"ನಿಮಗೆ ಯಾವಾಗಿಂದ ನೋವು?"

"ನೋವು ಇದೆ ಅಂತ ಸುಳ್ಳು ಹೇಳೋಕೆ ಹೋಗಿದ್ದೆ. ಅಲ್ಲಿ ಹೋದ ಮೇಲೆ ನಿಜವಾಗಿಯೂ ಇದೆ ಅಂತ ಗೊತ್ತಾಯ್ತು."

"ಸುಳ್ಳು ಯಾಕೆ?"

"ಅವರನ್ನ ನೋಡೋಕೆ. ಬುಧವಾರ ಬೆಳಿಗ್ಗೆ ನೀವು ಹನ್ನೊಂದು ಸಲ ಡಾಕ್ಟ್ರು ಡಾಕ್ಟ್ರು ಅಂದ್ರಿ. ಹೊಟ್ಟೆ ಉರೀತು."

"ಹನ್ನೆರಡು," ಎಂದಳು ಅವಳು.

"ಏನು?"

"ಹನ್ನೆರಡು ಸಲ. ಒಂದು ನಿಮಗೆ ಕೇಳಿಸಲಿಲ್ಲ, ಬರ್ನರ್ ಶಬ್ದ ಇತ್ತು."

ಅವಳ ತುಟಿಯ ಒಂದು ಅಂಚು ಮಾತ್ರ ನಗುತ್ತಿತ್ತು. ಕಣ್ಣು ನಗುತ್ತಿರಲಿಲ್ಲ, ಕಾಯುತ್ತಿತ್ತು.

"ಅಂದ್ರೆ ಬೇಕಂತಲೇ?"

"ಮತ್ತೇನು ಮಾಡ್ಲಿ? ಮದುವೆ ಆಗಿಲ್ಲ ಅಂತಾನೂ ಹೇಳಿದೆ. ಕೆಲಸ ಬಿಡ್ತೀನಿ ಅಂತಾನೂ ಹೇಳಿದೆ. ನೀವು ಏನಂದ್ರಿ? ಆರೋಗ್ಯ ಮುಖ್ಯ ಅಂದ್ರಿ." ಅವಳ ದನಿ ಒಮ್ಮೆಗೇ ಒದ್ದೆಯಾಯಿತು. "ಆವತ್ತು ಮನೆಗೆ ಹೋಗಿ ಅತ್ತುಬಿಟ್ಟೆ ಗೊತ್ತಾ."

ಅವನಿಗೆ ಎದ್ದು ಹೋಗಿ ಆ ಅಜ್ಜನ ಹಲ್ಲಿನ ಸೆಟ್ಟಿನಿಂದಲೇ ತನ್ನನ್ನು ಕಚ್ಚಿಸಿಕೊಳ್ಳಬೇಕು ಅನ್ನಿಸಿತು.

"ಡಾಕ್ಟ್ರು ನನಗೆ ಒಂದು ಪ್ರಶ್ನೆ ಕೇಳಿದ್ರು," ಎಂದ. "ಎಡಗಡೆ ಏನಿದೆ ಅಂತ."

ಅವಳ ಕೈ ತಾನಾಗಿಯೇ ಕತ್ತಿಗೆ ಹೋಯಿತು. "ನನ್ನನ್ನೂ ಕೇಳಿದ್ರು."

"ನೀವೇನಂದ್ರಿ?"

"ಕಿಟಕಿ ಅಂದೆ."

"ಕಿಟಕಿ ಬಲಗಡೆ ಇದೆ."

"ಗೊತ್ತು."

ಪ್ಲಾಸ್ಟರ್ ಕೋಣೆಯಲ್ಲಿ ಮಾವ ಬೇಕೆಂದೇ ಏನನ್ನೋ ಜೋರಾಗಿ ಕುಟ್ಟುತ್ತಿದ್ದರು.

"ಕಿಟಕಿ ಅಂದಿದ್ದಕ್ಕೆ ಮೇಜು ತಿರುಗಿಸಿ ಅಂದ್ರು," ಎಂದಳು ಅವಳು, ಮೇಜಿನ ಮೇಲಿನ ಕುಂಚಗಳನ್ನು ಸುಮ್ಮನೆ ಜೋಡಿಸುತ್ತಾ. "ತಿರುಗಿಸೋಕಾಗಲ್ಲ ಅಂದೆ. ಹಾಗಾದರೆ ಕೆಲಸ ಬದಲಾಯಿಸಿ ಅಂದ್ರು. ಅದಕ್ಕೆ ಏನು ಹೇಳ್ಬೇಕೋ ಗೊತ್ತಾಗಲಿಲ್ಲ."

"ಮೂರು ತಿಂಗಳಿಂದ ಯಾಕೆ? ಅದಕ್ಕೆ ಮುಂಚೆ ನೋವಿರಲಿಲ್ಲವಲ್ಲ."

ಅವಳ ಹುಬ್ಬು ಗಂಟಾಯಿತು. "ಪಾರ್ಸಲ್ ತಗೊಂಡು ಹೋಗೋಕೆ ಹೊಸಬಳು ಬರ್ತಾಳಲ್ಲ, ಅವಳು ಬರೋಕೆ ಶುರುಮಾಡಿ ಮೂರು ತಿಂಗಳು. ದಿನಾ ನಿಮ್ಮ ಮೇಜಿನ ಹತ್ತಿರವೇ ನಿಲ್ತಾಳೆ. ಮೊದಲು ಯಾವಾಗಲೋ ಒಮ್ಮೆ ನೋಡ್ತಿದ್ದೆ. ಅವಳು ಬಂದ ಮೇಲೆ ಕಾವಲು ಕೂತ ಹಾಗೆ ಆಯ್ತು."

"ಪಾರ್ಸಲ್ ಟ್ರೇ ನನ್ನ ಮೇಜಿನ ಮೇಲಿರುತ್ತೆ. ಅದಕ್ಕೆ ನಿಲ್ತಾಳೆ."

"ಟ್ರೇ ತಗೊಳ್ಳೋಕೆ ಹತ್ತು ನಿಮಿಷ ಬೇಕಾ?"

ಅವನು ನಕ್ಕುಬಿಟ್ಟ. ಮೂರು ತಿಂಗಳಲ್ಲಿ ದವಡೆ ಸಡಿಲವಾಗಿದ್ದು ಅದೇ ಮೊದಲು. ಅವಳು ಇನ್ನೂ ಮುನಿಸಿನಲ್ಲೇ ಇದ್ದಳು. ಅವನು ಎದ್ದು, ಟ್ರೇಯನ್ನು ತನ್ನ ಮೇಜಿನಿಂದ ತೆಗೆದು, ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಬಂದ. ಅವಳು ಆ ದೂರವನ್ನು ಕಣ್ಣಲ್ಲೇ ಅಳೆದಳು. ಸಾಕು ಅನ್ನಿಸಿರಬೇಕು, ಹುಬ್ಬಿನ ಗಂಟು ಬಿಚ್ಚಿತು.

"ನಾನು ನೋಡ್ತಿದ್ದದ್ದು ನಿಮಗೆ ಗೊತ್ತಿತ್ತಾ?" ಎಂದು ಅವನು ಕೇಳಿದ.

"ನೀವು ನೋಡ್ತಿದ್ರಾ?" ಅವಳು ನಿಜವಾಗಿಯೂ ಬೆರಗಾದಳು. "ಯಾವಾಗ? ನಾನು ತಿರುಗಿದಾಗಲೆಲ್ಲ ಮೇಣದಲ್ಲಿ ಮುಖ ಹೂತು ಕೂತಿರ್ತಿದ್ರಿ."

"ನೀವು ಪುಡಿ ಹಚ್ಚುವಾಗ. ಆಗ ತಲೆ ಎತ್ತಲ್ಲವಲ್ಲ."

ಇಬ್ಬರೂ ಎಷ್ಟು ಹುಷಾರಾಗಿ, ಎಷ್ಟು ಅಚ್ಚುಕಟ್ಟಾಗಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡಿದ್ದರು ಎಂಬುದು ಅವಳಿಗೂ ಈಗ ಹೊಳೆಯುತ್ತಿತ್ತು.

"ನನಗೆ ನೀವು ಅಂದ್ರೆ ಇಷ್ಟ," ಎಂದ ಅವನು. ಮೂರು ವರ್ಷ ಬಾಯಲ್ಲಿ ತಿರುಗಿಸಿದ ಮಾತು, ಹೊರಬಂದಾಗ ಇಷ್ಟೇ ಇತ್ತು. "ತುಂಬಾ. ಅಕ್ಕನಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿದೆ. ಹೋಗಬೇಡಿ."

"ನಾಳೆ ಡಾಕ್ಟ್ರಿಗೆ ಉಹೂಂ ಅಂತ ಹೇಳಿ ಬರ್ತೀನಿ." ಅವಳು ಅವನನ್ನು ನೇರವಾಗಿ ನೋಡುತ್ತಲೇ ಹೇಳಿದಳು, ಕತ್ತು ಒಂದಿನಿತೂ ತಿರುಗಿಸದೆ. "ಕಿಟಕಿ ವಿಷಯಕ್ಕೆ ಕ್ಷಮೆ ಕೂಡ ಕೇಳ್ಬೇಕು. ಒಳ್ಳೆಯವರು ಅವರು."

"ಹದಿಮೂರು," ಎಂದ ಅವನು.

"ಈಗ ಹೆಸರೆತ್ತಲಿಲ್ಲ, ಅವರು ಅಂದೆ ಅಷ್ಟೇ."

"ಅದಕ್ಕೆ ಮೊದಲು 'ಡಾಕ್ಟ್ರಿಗೆ' ಅಂದ್ರಿ."

"ನಿಮ್ಮ ಹೊಟ್ಟೆ ಇನ್ನೂ ತಣ್ಣಗಾಗಲಿಲ್ವಾ?"

"ಅದಕ್ಕೆ ಡಾಕ್ಟ್ರು ಏನೂ ಬರೆದುಕೊಡಲಿಲ್ಲ."

ಅವನು ಚೀಟಿಯನ್ನು ಅವಳ ಕಡೆ ಸರಿಸಿದ. ಅವಳು ಓದಿದಳು. ಬಿಸಿನೀರಿನ ಶಾಖ, ಗಲ್ಲದ ವ್ಯಾಯಾಮ, ಹಲ್ಲು ಕಡಿಯಬಾರದು, ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ನೇರವಾಗಿ ನೋಡಬೇಕು. ಕೊನೆಯ ಸಾಲಿನ ಹತ್ತಿರ ಅವಳ ಬೆರಳು ನಿಂತಿತು. ಫೋನು ತೆಗೆದು ಅಲಾರಂ ಇಟ್ಟು, ಎರಡು ಮೇಜೂ ಕೂಡುವ ಕಡೆ ನಿಲ್ಲಿಸಿದಳು.

ಆಮೇಲೆ ಕೆಲಸ ಶುರುವಾಯಿತು. ಅವಳು ಪುಡಿ ಕಲಸಿದಳು. ಅವನು ಬರ್ನರ್ ಹೊತ್ತಿಸಿದ. ಇಬ್ಬರ ತಲೆಯೂ ಕೆಳಗಾಯಿತು. ಕದ್ದು ನೋಡುವ ಹಳೆಯ ಚಾಳಿ ಎಳೆಯುತ್ತಿದ್ದರೂ ಅವನು ತಡೆದುಕೊಂಡ. ಈಗ ಕದಿಯುವ ಅಗತ್ಯವಿರಲಿಲ್ಲ.

ಅಲಾರಂ ಹೊಡೆಯಿತು. ಅವನು ಉರಿ ಆರಿಸಿ ತಲೆ ಎತ್ತಿದ. ಅವಳು ಕುಂಚ ಕೆಳಗಿಟ್ಟು ಆಗಲೇ ನೋಡುತ್ತಿದ್ದಳು.

ಅವನು ಗಡಿಯಾರ ನೋಡಿದ. ಹತ್ತೇ ನಿಮಿಷ ಆಗಿತ್ತು.

"ಡಾಕ್ಟ್ರು ಇಪ್ಪತ್ತು ಅಂದಿದ್ರು."

"ನನ್ನ ನೋವು ಜಾಸ್ತಿ," ಎಂದಳು ಅವಳು.